ಕರಿಯಾಕೋ ವ್ಯಾಪಾರಿಗಳು ಕೇಳುತ್ತಿರುವುದು ಏನು?

ಮಾನ್ಯ ಸಂಪಾದಕರೇ,

ಆಫ್ರಿಕಾದ ಚೀನೀ ವ್ಯಾಪಾರಿಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಅದರ ಬೆನ್ನಿಗೇ ಬಂದ ಓದುಗರ ಪತ್ರಗಳನ್ನೂ ಓದಿದೆ. ಚೀನಾ ಇಡೀ ಖಂಡವನ್ನು ನುಂಗಿ ಹಾಕುತ್ತಿದೆ ಎಂಬುದು ಲೇಖನದ ಮಾತು. ಅಲ್ಲಿನವರಿಗೆ ವ್ಯಾಪಾರ ಗೊತ್ತಿಲ್ಲ, ದುಡಿಯುವವರನ್ನು ಕಂಡರೆ ಹೊಟ್ಟೆಕಿಚ್ಚು ಎಂಬುದು ಕೆಲವು ಓದುಗರ ಮಾತು. ಎರಡೂ ಇಲ್ಲಿನ ಸಂಗತಿಗೆ ಹೊಂದುವುದಿಲ್ಲ. ಎರಡನೆಯದನ್ನು ಓದಿ ನನಗೆ ಬೇಜಾರೂ ಆಯಿತು. ದಿನಾ ಬೆಳಗಾದರೆ ಇಲ್ಲಿನ ಸ್ಥಳೀಯ ವ್ಯಾಪಾರಿಗಳ ಲೆಕ್ಕ ಬರೆಯುವವಳು ನಾನು.

ನಾನಿರುವುದು ತಾಂಜಾನಿಯಾದ ದಾರ್ ಎಸ್ ಸಲಾಂನಲ್ಲಿ. ಒಂದು ಲೆಕ್ಕಪತ್ರದ ಕಚೇರಿಯಲ್ಲಿ ಕೆಲಸ. ನಮ್ಮ ಗಿರಾಕಿಗಳಲ್ಲಿ ಜಾಸ್ತಿ ಜನ ಕರಿಯಾಕೋ ಮಾರುಕಟ್ಟೆಯ ಅಂಗಡಿಯವರು. ಪಾತ್ರೆ, ಪ್ಲಾಸ್ಟಿಕ್, ಬ್ಯಾಗು, ಚಪ್ಪಲಿ, ಬಟ್ಟೆ, ಮೊಬೈಲ್ ಕವರ್ ಮಾರುವವರು. ಇವರ ಬಿಲ್ಲು, ಆಮದು ಕಾಗದ, ತೆರಿಗೆ ಲೆಕ್ಕ ಎಲ್ಲ ನನ್ನ ಮೇಜಿನ ಮೇಲೆ ಹಾದು ಹೋಗುತ್ತವೆ. ಕರಿಯಾಕೋ ಅಂದರೆ ಬರೀ ಈ ಊರಿನ ಪೇಟೆ ಅಲ್ಲ. ಕಾಂಗೋ, ಜಾಂಬಿಯಾ, ಮಲಾವಿ, ಕೊಮೊರೊಸ್ ದ್ವೀಪಗಳಿಂದಲೂ ಜನ ಬಂದು ಇಲ್ಲಿ ಮೂಟೆ ಕಟ್ಟಿಸಿಕೊಂಡು ಹೋಗುತ್ತಾರೆ. ಕಾಂಗೋ ಬೀದಿ, ಅಗ್ರಿ ಬೀದಿ, ಮ್ಸಿಂಬಾಜಿ ಬೀದಿಗಳಲ್ಲಿ ಹೊತ್ತು ಏರಿದ ಮೇಲೆ ಕಾಲಿಡಲು ಜಾಗ ಇರುವುದಿಲ್ಲ.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಚೀನಾದ ಸರಕನ್ನು ಕರಿಯಾಕೋಗೆ ತಂದವರಲ್ಲಿ ಮೊದಲಿಗರು ಚೀನೀಯರಲ್ಲ, ಇಲ್ಲಿನ ವ್ಯಾಪಾರಿಗಳೇ. ಹಿಂದೆ ಇವರು ದುಬೈಗೆ ಹೋಗಿ ಸರಕು ತರುತ್ತಿದ್ದರು. ಆ ಸರಕಿನ ಮೂಲ ಚೀನಾ ಎಂದು ಗೊತ್ತಾದ ಮೇಲೆ ನೇರವಾಗಿ ಅಲ್ಲಿನ ಸಗಟು ಪೇಟೆಗಳಿಗೆ, ಗುವಾಂಗ್‌ಝೌಗೆ, ಯಿವುಗೆ ಹೋಗಲು ಶುರು ಮಾಡಿದರು. ಭಾಷೆ ಬರದು, ಊಟ ಒಗ್ಗದು. ಸೊಂಟಕ್ಕೆ ಡಾಲರ್ ಕಟ್ಟಿಕೊಂಡು, ಕ್ಯಾಲ್ಕುಲೇಟರ್ ತೋರಿಸಿ ಚೌಕಾಸಿ ಮಾಡಿ ಬಂದವರು ಇವರು. ಅವರಲ್ಲಿ ಹೆಂಗಸರೂ ಬಹಳ ಜನ ಇದ್ದಾರೆ. ಇಂಥವರಿಗೆ ವ್ಯಾಪಾರ ಗೊತ್ತಿಲ್ಲ ಅಂದರೆ ಹೇಗೆ?

ನಮ್ಮ ಕಚೇರಿಗೆ ಬರುವ ಪಾತ್ರೆ ಅಂಗಡಿಯ ಒಡತಿ ಒಬ್ಬರಿದ್ದಾರೆ. ಥರ್ಮಾಸ್ ಫ್ಲಾಸ್ಕು, ಬಿಸಿ ಡಬ್ಬಿ, ಪ್ಲಾಸ್ಟಿಕ್ ಬೇಸಿನ್ನು, ಬಟ್ಟಲು ಇವರ ಸರಕು. ಕರಾವಳಿ ಕಡೆಯ ಮದುವೆಗಳಲ್ಲಿ ಯಾವ ಬಣ್ಣದ ಫ್ಲಾಸ್ಕು ಕೊಡುತ್ತಾರೆ, ಒಳನಾಡಿನ ಮ್ವಾಂಜಾ ಕಡೆಯವರು ಎಷ್ಟು ಲೀಟರಿನದು ಕೇಳುತ್ತಾರೆ, ಹಬ್ಬದ ತಿಂಗಳಲ್ಲಿ ಏನು ಓಡುತ್ತದೆ ಎಲ್ಲ ಅವರಿಗೆ ಬಾಯಿಪಾಠ. ಯಿವುವಿನಲ್ಲಿ ಕಾರ್ಖಾನೆಯವನ ಮುಂದೆ ಕೂತು ಹೂವಿನ ಚಿತ್ರ ಬದಲಾಯಿಸಿ, ಹಿಡಿಕೆ ಗಟ್ಟಿ ಮಾಡಿಸಿ, ತಮ್ಮದೇ ಗುರುತು ಹಾಕಿಸಿ ತರಿಸಿದರು. ಆ ಫ್ಲಾಸ್ಕು ಇಲ್ಲಿ ಚೆನ್ನಾಗಿ ಓಡಿತು.

ಮುಂದಿನ ಸೀಸನ್ನಿನಲ್ಲಿ ಅದೇ ಫ್ಲಾಸ್ಕು ಎರಡು ಬೀದಿ ಆಚೆ ಒಬ್ಬ ಚೀನೀ ಸಗಟು ವ್ಯಾಪಾರಿಯ ಮಳಿಗೆಗೆ ಬಂತು. ಹೂವು ಅದೇ, ಹಿಡಿಕೆ ಅದೇ. ಗುರುತು ಮಾತ್ರ ಬೇರೆ. ಬೆಲೆ ಇವರ ಅಸಲಿಗಿಂತ ಕಡಿಮೆ.

ಇದು ಹೇಗಾಯಿತು ಅನ್ನುವುದರಲ್ಲಿ ಗುಟ್ಟೇನಿಲ್ಲ. ಲೆಕ್ಕ ನೋಡಿದರೆ ಗೊತ್ತಾಗುತ್ತದೆ. ಇಲ್ಲಿನ ವ್ಯಾಪಾರಿ ಆರ್ಡರ್ ಕೊಡುವಾಗ ಸಾಮಾನ್ಯವಾಗಿ ಶೇ 30 ಮುಂಗಡ ಕೊಡಬೇಕು. ಸರಕು ಹಡಗು ಹತ್ತುವ ಮೊದಲು ಉಳಿದ ಶೇ 70 ಕೊಡಬೇಕು. ಒಂದು ಕಂಟೇನರ್ ತುಂಬಿಸುವಷ್ಟು ದುಡ್ಡು ಎಲ್ಲರ ಹತ್ತಿರ ಇರುವುದಿಲ್ಲ. ಹಾಗಾಗಿ ನಾಲ್ಕಾರು ಜನ ಸೇರಿ ಒಂದೇ ಕಂಟೇನರಿನಲ್ಲಿ ಸರಕು ಹಾಕುತ್ತಾರೆ. ಉಳಿದವರ ಸರಕು ಬರುವ ತನಕ ಅದು ಅಲ್ಲೇ ಕಾಯುತ್ತದೆ. ಸಮುದ್ರದಲ್ಲಿ ಹೆಚ್ಚು ಕಡಿಮೆ ಒಂದು ತಿಂಗಳು. ಆಮೇಲೆ ಬಂದರಿನಲ್ಲಿ ತಪಾಸಣೆ, ಸುಂಕ, ಶೇ 18 ವ್ಯಾಟ್. ಅಲ್ಲಿ ತಡವಾದರೆ ದಿನದ ಲೆಕ್ಕದಲ್ಲಿ ದಂಡ. ಹೀಗೆ ಹಾಕಿದ ದುಡ್ಡು ಮೊದಲ ಫ್ಲಾಸ್ಕು ಮಾರುವ ತನಕ ಮೂರು ನಾಲ್ಕು ತಿಂಗಳು ಸಿಕ್ಕಿಕೊಂಡಿರುತ್ತದೆ. ಆ ದುಡ್ಡು ಬ್ಯಾಂಕಿನ ಸಾಲವಾದರೆ ಬಡ್ಡಿ ಶೇ 15ರ ಆಸುಪಾಸು.

ಚೀನೀ ಸಗಟು ವ್ಯಾಪಾರಿಗೆ ಎಷ್ಟೋ ಸಲ ಸರಕು ಸಾಲದಲ್ಲೇ ಬರುತ್ತದೆ. ಕಾರ್ಖಾನೆ ಅವನ ಊರಿನವರದ್ದು, ಇಲ್ಲವೇ ನೆಂಟರದ್ದು. ಮಾರಿ ದುಡ್ಡು ಕಳಿಸು ಎನ್ನುತ್ತಾರೆ. ಕಾರ್ಖಾನೆಯಲ್ಲಿ ಮಿಕ್ಕಿದ್ದನ್ನು ಒಟ್ಟಿಗೆ ಕಡಿಮೆ ಬೆಲೆಗೆ ಎತ್ತಿಕೊಳ್ಳಲೂ ಅವನಿಗೆ ಆಗುತ್ತದೆ. ಯಾವ ಮಾಲು ಆಫ್ರಿಕಾದಲ್ಲಿ ಓಡುತ್ತದೆ ಅನ್ನುವುದು ಕಾರ್ಖಾನೆಗೆ ಇಲ್ಲಿನ ವ್ಯಾಪಾರಿಗಳ ಆರ್ಡರಿನಿಂದಲೇ ಗೊತ್ತಾಗಿರುತ್ತದೆ. ಕಷ್ಟಪಟ್ಟು ಪೇಟೆಯ ರುಚಿ ಹುಡುಕಿದವರು ಒಬ್ಬರು, ಅದರ ಲಾಭ ಇನ್ನೊಬ್ಬರಿಗೆ. ಪಾತ್ರೆ ಅಂಗಡಿಯ ಒಡತಿ ನನ್ನೆದುರು ಕೂತು ಹೇಳಿದ್ದು ಇಷ್ಟೇ: "ಅವನು ನನಗೆ ಮಾರಲಿ. ನಾನು ಕೊಳ್ಳುತ್ತೇನೆ. ನನ್ನ ಗಿರಾಕಿಗೆ ಯಾಕೆ ಮಾರುತ್ತಾನೆ?"

ಇಡೀ ಜಗಳ ಇರುವುದು ಅದೇ ಪ್ರಶ್ನೆಯಲ್ಲಿ. ಚೀನೀಯರು ಬರಲೇಬಾರದು ಎಂದು ಹೇಳುವವರು ಕರಿಯಾಕೋದಲ್ಲಿ ಕಡಿಮೆ. ಕಾರ್ಖಾನೆ ಹಾಕಲಿ ಎನ್ನುತ್ತಾರೆ. ಮ್ಕುರಂಗಾ, ಚಾಲಿಂಜೆ ಕಡೆ ಚೀನೀ ಬಂಡವಾಳದ ಟೈಲ್ಸ್ ಕಾರ್ಖಾನೆಗಳಿವೆ. ಅಲ್ಲಿಂದ ಟೈಲ್ಸ್ ತಂದು ಮಾರಿ ಬದುಕುವ ಸ್ಥಳೀಯರು ಎಷ್ಟೋ ಜನ. ಅದರ ಬಗ್ಗೆ ನನ್ನ ಗಿರಾಕಿಗಳ ಬಾಯಲ್ಲಿ ಒಂದು ಕೆಟ್ಟ ಮಾತು ಕೇಳಿಲ್ಲ. ಸಗಟು ಮಳಿಗೆ ತೆರೆಯಲಿ, ಅದೂ ಪರವಾಗಿಲ್ಲ ಎನ್ನುತ್ತಾರೆ. ಆದರೆ ಮೊದಲು ಕಾರ್ಟನ್ ಲೆಕ್ಕದಲ್ಲಿ ಮಾರಿದವನು ಆಮೇಲೆ ಡಜನ್ ಮಾರುತ್ತಾನೆ. ಪೇಟೆ ಮಂಕಾದ ತಿಂಗಳಲ್ಲಿ ಒಂದೊಂದಾಗಿಯೂ ಮಾರುತ್ತಾನೆ. ಕಾರ್ಟನ್ ಬೆಲೆಯ ಹತ್ತಿರದ ಬೆಲೆಗೆ ಒಂದೇ ಫ್ಲಾಸ್ಕು ಸಿಕ್ಕರೆ ಪಕ್ಕದ ಚಿಲ್ಲರೆ ಅಂಗಡಿಗೆ ಯಾರು ಹೋಗುತ್ತಾರೆ? ಇದು ಹೊಟ್ಟೆಕಿಚ್ಚಲ್ಲ, ಹೊಟ್ಟೆಪಾಡು.

ಇನ್ನೊಂದು ಸಂಗತಿ ಹೊರಗಿನ ಪತ್ರಿಕೆಗಳಲ್ಲಿ ಕಾಣುವುದೇ ಇಲ್ಲ. ಮಳಿಗೆಯ ಬಾಡಿಗೆ. ಕರಿಯಾಕೋದ ಕಟ್ಟಡಗಳ ಮಾಲೀಕರು ಹೆಚ್ಚಿನವರು ಇಲ್ಲಿನವರೇ. ಚೀನೀ ವ್ಯಾಪಾರಿ ಒಂದು ವರ್ಷದ ಬಾಡಿಗೆ ಒಟ್ಟಿಗೆ ಕೊಡುತ್ತಾನೆ. ಸ್ಥಳೀಯ ವ್ಯಾಪಾರಿ ಮೂರು ತಿಂಗಳು, ಆರು ತಿಂಗಳು ಎಂದು ಕೊಸರಾಡುತ್ತಾನೆ. ಮಾಲೀಕ ಯಾರಿಗೆ ಕೊಡುತ್ತಾನೆ ಹೇಳಿ? ಹಲವು ಕಟ್ಟಡಗಳಲ್ಲಿ ಬಾಡಿಗೆ ಡಾಲರಿನಲ್ಲೇ ನಡೆಯುತ್ತಿತ್ತು. 2025ರ ಮಾರ್ಚ್‌ನಲ್ಲಿ ಸರ್ಕಾರ ದೇಶದೊಳಗೆ ವಿದೇಶಿ ಹಣದಲ್ಲಿ ಬೆಲೆ ಹೇಳುವುದನ್ನೇ ನಿಷೇಧಿಸಿತು. ಈಗ ಷಿಲ್ಲಿಂಗ್‌ನಲ್ಲಿ ಹೇಳುತ್ತಾರೆ, ಒಟ್ಟಿಗೆ ಕೇಳುವುದು ನಿಂತಿಲ್ಲ. ನನ್ನ ಗಿರಾಕಿಗಳಲ್ಲಿ ಕೆಲವರು ಕೆಳಗಿನ ಮಳಿಗೆ ಬಿಟ್ಟು ಮೇಲಿನ ಮಹಡಿಗೆ, ಹಿಂದಿನ ಓಣಿಗೆ ಹೋದದ್ದು ಬಾಡಿಗೆಯ ಹೊಡೆತಕ್ಕೆ. ಅವರನ್ನು ಎಬ್ಬಿಸಿದ್ದು ಬೀಜಿಂಗ್ ಅಲ್ಲ, ಅವರದೇ ಊರಿನ ಮಾಲೀಕ. ಇದನ್ನು ಹೇಳಲು ಇಲ್ಲಿ ಎಲ್ಲರಿಗೂ ಮುಜುಗರ. ಆದರೆ ಹೇಳದೆ ಹೋದರೆ ಚಿತ್ರ ಅರ್ಧ ಮಾತ್ರ.

ಬೀದಿ ವ್ಯಾಪಾರಿಗಳ ಕಡೆಯಿಂದ ನೋಡಿದರೆ ಕಥೆ ಮತ್ತೂ ಬೇರೆ. ಇಲ್ಲಿ ಅವರನ್ನು ಮಚಿಂಗಾ ಎನ್ನುತ್ತಾರೆ. ಹಳ್ಳಿಯಿಂದ ಬಂದ ಹುಡುಗರು. ಕೈಯಲ್ಲಿ ಬೆಲ್ಟು, ಹೆಗಲ ಮೇಲೆ ಪ್ಯಾಂಟು ಹಾಕಿಕೊಂಡು ಬಸ್ಸುಗಳ ನಡುವೆ ಮಾರುತ್ತಾರೆ. ಇವರಿಗೆ ಚೀನಾಕ್ಕೆ ಹೋಗುವ ಶಕ್ತಿ ಇಲ್ಲ, ವೀಸಾ ಸಿಗದು. ಸ್ಥಳೀಯ ದೊಡ್ಡ ಆಮದುದಾರರು ಸಾಲ ಕೊಡುವುದಿಲ್ಲ. ಚೀನೀ ಮಳಿಗೆಯಲ್ಲಿ ಬೆಳಿಗ್ಗೆ ಎರಡು ಡಜನ್ ಕಡಿಮೆ ಬೆಲೆಗೆ ಸಿಗುತ್ತದೆ. ಸಂಜೆಯೊಳಗೆ ಮಾರಿ ಊಟದ ದುಡ್ಡು ಉಳಿಸುತ್ತಾರೆ. ಮುಖ ಪರಿಚಯವಾದರೆ ಒಂದು ದಿನದ ಕಡವೂ ಸಿಗುತ್ತದೆ. ಚೀನೀಯರನ್ನು ಓಡಿಸಿ ಎಂದರೆ ಈ ಹುಡುಗರು ಮೆರವಣಿಗೆಗೆ ಬರುವುದಿಲ್ಲ.

ಸೆನೆಗಲ್‌ನ ಡಾಕರ್‌ನಲ್ಲಿ ಇದು ಬೀದಿಯಲ್ಲೇ ಕಂಡಿತು. ಅಲ್ಲಿ ಜನರಲ್ ದ ಗಾಲ್ ಬುಲೆವಾರ್ ಎಂಬ ದೊಡ್ಡ ರಸ್ತೆಯ ಮನೆಗಳ ಮುಂಭಾಗವನ್ನು ಚೀನೀ ವ್ಯಾಪಾರಿಗಳು ಬಾಡಿಗೆಗೆ ಹಿಡಿದು ಅಂಗಡಿ ಹಾಕಿದರು. 2004ರಲ್ಲಿ ಯುನಾಕ್ವಾ ಎಂಬ ವ್ಯಾಪಾರಿಗಳ ಸಂಘ ಅವರ ವಿರುದ್ಧ ಬೀದಿಗಿಳಿಯಿತು. ಅದಕ್ಕೆ ಎದುರಾಗಿ ಆಸ್ಕೊಸೆನ್ ಎಂಬ ಗ್ರಾಹಕರ ಸಂಘ ಚೀನೀಯರ ಪರವಾಗಿ ಮೆರವಣಿಗೆ ಮಾಡಿತು. ಎರಡೂ ಕಡೆ ಇದ್ದವರು ಸೆನೆಗಲ್‌ನವರೇ! ಬಡವರ ಮಕ್ಕಳ ಕಾಲಿಗೂ ಹಬ್ಬಕ್ಕೆ ಹೊಸ ಚಪ್ಪಲಿ ಬಂತು, ಅದನ್ನು ಯಾಕೆ ತಪ್ಪಿಸುತ್ತೀರಿ ಎಂಬುದು ಗ್ರಾಹಕರ ವಾದ. ಅದೇ ರಸ್ತೆಯಲ್ಲಿ ಚೀನೀ ಅಂಗಡಿಗಳ ಮುಂದೆಯೇ ಸೆನೆಗಲ್‌ನ ಹುಡುಗರು ಮೇಜು ಹಾಕಿ, ಒಳಗಿನಿಂದ ಕೊಂಡ ಸರಕನ್ನು ಹೊರಗೆ ಮಾರುತ್ತಾ ಬಂದಿದ್ದಾರೆ. ಇದನ್ನು "ಚೀನಾ ವಿರುದ್ಧ ಆಫ್ರಿಕಾ" ಎಂದು ಹೇಗೆ ಬರೆಯುತ್ತೀರಿ?

ಟೋಗೋ ದೇಶದ ಲೋಮೆಯ ಬಟ್ಟೆ ವ್ಯಾಪಾರಿ ಹೆಂಗಸರ ವಿಷಯವಂತೂ ನಿಮ್ಮ ಓದುಗರಿಗೆ ತಿಳಿದಿರಲೇಬೇಕು. ಡಚ್ ಕಂಪನಿಯ ಬಣ್ಣದ ವ್ಯಾಕ್ಸ್ (ಮೇಣದ ಅಚ್ಚಿನ) ಬಟ್ಟೆಯ ಸಗಟು ಹಕ್ಕು ಅವರ ಕೈಯಲ್ಲಿತ್ತು. ಯಾವ ವಿನ್ಯಾಸಕ್ಕೆ ಯಾವ ಹೆಸರಿಡಬೇಕು, ಯಾವ ಊರಿಗೆ ಯಾವುದು ಹೋಗಬೇಕು ಎಲ್ಲ ಅವರೇ ತೀರ್ಮಾನಿಸುತ್ತಿದ್ದರು. 1970ರ ದಶಕದಲ್ಲಿ ಅವರು ಮರ್ಸಿಡಿಸ್ ಬೆಂಜ್ ಕಾರುಗಳಲ್ಲಿ ಓಡಾಡುತ್ತಿದ್ದರು. ಅದಕ್ಕೇ ಅವರಿಗೆ ನಾನಾ ಬೆಂಜ್ ಎಂಬ ಹೆಸರು. 1994ರಲ್ಲಿ ಅಲ್ಲಿನ ಹಣವಾದ ಸಿಎಫ್‌ಎ ಫ್ರಾಂಕಿನ ಬೆಲೆಯನ್ನು ಅರ್ಧಕ್ಕೆ ಇಳಿಸಿದರು. ಯುರೋಪಿನ ಬಟ್ಟೆ ಕೈಗೆಟುಕದಾಯಿತು. ಆಗ ಇನ್ನೊಂದು ತಲೆಮಾರಿನ ಹೆಂಗಸರು, ನಾನೆಟ್ ಎಂದು ಕರೆಸಿಕೊಂಡವರು, ತಾವೇ ಚೀನಾಕ್ಕೆ ಹೋಗಿ ಅದೇ ಬಗೆಯ ಬಟ್ಟೆ ಅಗ್ಗವಾಗಿ ಮಾಡಿಸಿ ತಂದರು. ಹಳೆಯವರ ವ್ಯಾಪಾರ ಮುರಿಯಿತು, ಹೊಸಬರ ಕೈ ತುಂಬಿತು. ಆಮೇಲೆ ಚೀನೀ ಕಂಪನಿಗಳೇ ಪಶ್ಚಿಮ ಆಫ್ರಿಕಾದ ಪೇಟೆಗೆ ಇಳಿದವು. ಈಗ ಹೊಸಬರಿಗೂ ಅದೇ ಪಾಡು. ನಮ್ಮ ಫ್ಲಾಸ್ಕಿನ ಕಥೆಯೂ ಇದೇ ಅಲ್ವಾ?

ಚೀನೀ ವ್ಯಾಪಾರಿಗಳ ಬಗ್ಗೆಯೂ ಎರಡು ಮಾತು ನ್ಯಾಯವಾಗಿ ಹೇಳಬೇಕು. ನಾನು ಬಲ್ಲ ಒಂದು ಬ್ಯಾಗ್ ಮಳಿಗೆಯ ಗಂಡ ಹೆಂಡತಿ ಇಬ್ಬರೂ ಸಣ್ಣ ವಯಸ್ಸಿನವರು. ಗೋದಾಮಿನ ಮೇಲಿನ ಕೋಣೆಯಲ್ಲೇ ವಾಸ. ಮಗುವನ್ನು ಊರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದಾರೆ. ಹೊಸ ವರ್ಷದ ಹಬ್ಬಕ್ಕೂ ಹೋಗುವುದು ಕಷ್ಟ. ಇಲ್ಲಿನ ಭಾಷೆಯಾದ ಸ್ವಾಹಿಲಿಯಲ್ಲಿ ಅವಳು ಮಚಿಂಗಾ ಹುಡುಗರ ಜೊತೆ ಜಗಳವಾಡುವುದನ್ನು ಕೇಳಿದರೆ ಇಲ್ಲೇ ಹುಟ್ಟಿದವಳು ಅನ್ನಿಸುತ್ತದೆ. ಅವರಿಗೆ ಚೀನಾ ಸರ್ಕಾರದಿಂದ ಒಂದು ಷಿಲ್ಲಿಂಗ್ ಬರುವುದಿಲ್ಲ. ಅವರ ಭಯ ಏನು ಗೊತ್ತಾ? ಪಕ್ಕದ ಚೀನೀ ಅಂಗಡಿ. ಒಬ್ಬ ನೂರು ಷಿಲ್ಲಿಂಗ್ ಇಳಿಸಿದರೆ ಇನ್ನೊಬ್ಬ ಇನ್ನೂರು ಇಳಿಸುತ್ತಾನೆ. ಮೊದಲು ಬಂದವರಿಗೆ ಸಿಕ್ಕ ಲಾಭ ಈಗ ಬಂದವರಿಗೆ ಇಲ್ಲ. ಅದಕ್ಕೇ ಅವರು ಚಿಲ್ಲರೆಗೆ ಇಳಿಯುವುದು. 2009ರಿಂದ ಚೀನಾ ಆಫ್ರಿಕಾದ ಅತಿ ದೊಡ್ಡ ವ್ಯಾಪಾರ ಪಾಲುದಾರ, 2023ರಲ್ಲಿ ವಹಿವಾಟು 282 ಬಿಲಿಯನ್ ಡಾಲರ್ ಎಂದು ಲೇಖನಗಳು ಬರೆಯುತ್ತವೆ. ಅದರಲ್ಲಿ ತೈಲ, ತಾಮ್ರ, ಯಂತ್ರ ಎಲ್ಲ ಸೇರಿವೆ. ಈ ಬ್ಯಾಗಿನಂಗಡಿಯ ದಂಪತಿಯನ್ನು ಆ ಅಂಕಿಯ ಜೊತೆ ಕಟ್ಟಿ, ಇವರು ಚೀನಾದ ದಂಡಿನವರು ಎಂಬಂತೆ ಬರೆಯುವುದು ಸರಿಯಲ್ಲ.

ಇನ್ನು ಕಾನೂನಿನ ವಿಷಯ. ಇಲ್ಲಿ ನನ್ನ ಮಾತು ಸ್ವಲ್ಪ ಖಾರವಾಗುತ್ತದೆ, ಕ್ಷಮಿಸಿ.

ಘಾನಾ 2013ರಲ್ಲಿ ಒಂದು ಕಾಯ್ದೆ ಮಾಡಿತು. ವಿದೇಶಿಯರು ವ್ಯಾಪಾರ ಮಾಡಬೇಕಾದರೆ ಕನಿಷ್ಠ 10 ಲಕ್ಷ ಡಾಲರ್ ಬಂಡವಾಳ ತರಬೇಕು, 20 ಮಂದಿ ಘಾನಾದವರಿಗೆ ಕೆಲಸ ಕೊಡಬೇಕು. ಮಾರುಕಟ್ಟೆಯೊಳಗಿನ ಸಣ್ಣ ವ್ಯಾಪಾರ, ತಲೆಹೊರೆ ವ್ಯಾಪಾರ ಪೂರ್ತಿ ಘಾನಾದವರಿಗೇ ಮೀಸಲು. ಮಲಾವಿ 2012ರಲ್ಲಿ ವಿದೇಶಿ ವ್ಯಾಪಾರಿಗಳು ಲಿಲಾಂಗ್ವೆ, ಬ್ಲಾಂಟೈರ್, ಮ್ಜುಜು, ಜೋಂಬಾ ನಗರಗಳ ಆಚೆ ಅಂಗಡಿ ಹಾಕಬಾರದು ಎಂದಿತು. ಕೆನ್ಯಾದಲ್ಲಿ 2023ರ ಆರಂಭದಲ್ಲಿ ನೈರೋಬಿಯ ಥೀಕಾ ರಸ್ತೆಯ ಒಂದು ಮಾಲ್‌ನಲ್ಲಿ ಚೈನಾ ಸ್ಕ್ವೇರ್ ಎಂಬ ದೊಡ್ಡ ಅಂಗಡಿ ತೆರೆಯಿತು. ಗ್ರಾಹಕರು ಮುಗಿಬಿದ್ದರು. ಗಿಕೋಂಬಾ, ನ್ಯಾಮಕಿಮಾ ಎಂಬ ಅಲ್ಲಿನ ಪೇಟೆಗಳ ವ್ಯಾಪಾರಿಗಳು ಬೀದಿಗಿಳಿದರು. ಆಗಿನ ವ್ಯಾಪಾರ ಸಚಿವ ಮೋಸೆಸ್ ಕುರಿಯಾ, ಚೀನೀಯರು ತಯಾರಕರಾಗಿ ಬರಲಿ, ವ್ಯಾಪಾರಿಗಳಾಗಿ ಬೇಡ ಎಂದರು. ವಿದೇಶಾಂಗ ಇಲಾಖೆಯವರು ಮಾತ್ರ ಎಲ್ಲ ಹೂಡಿಕೆದಾರರಿಗೂ ಸ್ವಾಗತ ಎಂದು ಸಮಾಧಾನ ಮಾಡಿದರು. ಒಂದೇ ಸರ್ಕಾರ, ಎರಡು ಮಾತು. ಕೆಲವು ದಿನ ಮುಚ್ಚಿದ ಅಂಗಡಿ ಮತ್ತೆ ತೆರೆಯಿತು.

ನಮ್ಮ ಕರಿಯಾಕೋ ವಿಷಯಕ್ಕೆ ಬಂದರೆ, 2011ರ ಜನವರಿಯಲ್ಲೇ ಸರ್ಕಾರ ಇಲ್ಲಿನ ಚೀನೀ ಚಿಲ್ಲರೆ ವ್ಯಾಪಾರಿಗಳಿಗೆ 30 ದಿನಗಳ ಗಡುವು ಕೊಟ್ಟಿತ್ತು. ಗಡುವು ಮುಗಿಯಿತು. ಆಮೇಲಿನ ವರ್ಷಗಳಲ್ಲಿ ಮಳಿಗೆಗಳು ಹೆಚ್ಚಿದವು. 2023ರ ಮೇನಲ್ಲಿ, 2024ರ ಜೂನ್‌ನಲ್ಲಿ ಕರಿಯಾಕೋದ ವ್ಯಾಪಾರಿಗಳು ತೆರಿಗೆ ಕಿರುಕುಳದ ವಿರುದ್ಧ ಅಂಗಡಿ ಮುಚ್ಚಿ ಕೂತರು. 2025ರ ಫೆಬ್ರುವರಿಯಲ್ಲಿ ವಿದೇಶಿ ವ್ಯಾಪಾರಿಗಳ ಬಗ್ಗೆ ನೋಡಲು ಒಂದು ಸಮಿತಿ ಆಯಿತು. ಜುಲೈ ಕೊನೆಯಲ್ಲಿ ಹೊಸ ಆದೇಶ ಬಂತು. ವಿದೇಶಿಯರು 15 ಬಗೆಯ ಕಸುಬು ಮಾಡುವಂತಿಲ್ಲ. ಮೊಬೈಲ್ ಹಣ ರವಾನೆ, ಮೊಬೈಲ್ ರಿಪೇರಿ, ಸಲೂನು, ಪ್ರವಾಸಿ ಗೈಡು, ಸಣ್ಣ ಗಣಿ, ಹೊಲಕ್ಕೇ ಹೋಗಿ ಬೆಳೆ ಕೊಳ್ಳುವುದು ಎಲ್ಲ ಅದರಲ್ಲಿವೆ. ಸೂಪರ್ ಮಾರ್ಕೆಟ್ಟು ಮತ್ತು ಇಲ್ಲಿನ ಉತ್ಪಾದಕರ ಸಗಟು ಕೇಂದ್ರಗಳನ್ನು ಬಿಟ್ಟು ಸಗಟು, ಚಿಲ್ಲರೆ ವ್ಯಾಪಾರವೂ ಇದೆ. ತಪ್ಪಿದರೆ ಕನಿಷ್ಠ ಒಂದು ಕೋಟಿ ಷಿಲ್ಲಿಂಗ್ ದಂಡ, ಅಂದರೆ ಸುಮಾರು 4,000 ಡಾಲರ್. ಆರು ತಿಂಗಳ ತನಕ ಜೈಲೂ ಆಗಬಹುದು, ವೀಸಾ ರದ್ದಾಗುತ್ತದೆ. ಅವರಿಗೆ ನೆರವಾದ ಸ್ಥಳೀಯರಿಗೂ 50 ಲಕ್ಷ ಷಿಲ್ಲಿಂಗ್ ದಂಡ ಅಥವಾ ಮೂರು ತಿಂಗಳ ಜೈಲು.

ಈ ಆದೇಶದ ಕೆಲವೇ ದಿನಗಳ ಬಳಿಕ, ಆಗಸ್ಟ್ 1ರಂದು, ಇದೇ ಊರಿನ ಉಬುಂಗೋದಲ್ಲಿ ಒಂದು ಭಾರೀ ವ್ಯಾಪಾರ ಕೇಂದ್ರದ ಉದ್ಘಾಟನೆ ಆಯಿತು. ಚೀನೀ ಹೂಡಿಕೆ, 2,000ಕ್ಕೂ ಹೆಚ್ಚು ಮಳಿಗೆ. ಹಳೆಯ ಬಸ್ ನಿಲ್ದಾಣದ ಜಾಗ. ಚೀನಾಕ್ಕೆ ಹೋಗುವ ಖರ್ಚಿಲ್ಲದೆ ಇಲ್ಲೇ ಸಗಟು ಸರಕು ಸಿಗುತ್ತದೆ, ಅಕ್ಕಪಕ್ಕದ ದೇಶದವರೂ ಇಲ್ಲಿಗೇ ಬರುತ್ತಾರೆ ಎಂಬುದು ಅದರ ಪರವಾದ ಮಾತು. ಆದರೆ ಕಾಂಗೋ, ಜಾಂಬಿಯಾದ ಗಿರಾಕಿ ಈಗ ಬರುವುದು ಕರಿಯಾಕೋಗೆ. ಅವನು ಉಬುಂಗೋಗೇ ಬಂದು ಅಲ್ಲೇ ಕೊಂಡು ಹೋದರೆ? ನನ್ನ ಗಿರಾಕಿಗಳು ಇದನ್ನು ಕೇಳುತ್ತಿದ್ದಾರೆ, ಅದರಲ್ಲಿ ತಪ್ಪಿಲ್ಲ. ಬಾಗಿಲ ಮುಂದೆ ಕೂತ ಸಣ್ಣ ವಿದೇಶಿ ವ್ಯಾಪಾರಿಗೆ ದಂಡ, ಎರಡು ಸಾವಿರ ಮಳಿಗೆ ಕಟ್ಟಿದವರಿಗೆ ರಿಬ್ಬನ್ ಕತ್ತರಿ. ಸಣ್ಣ ವ್ಯಾಪಾರಿಯನ್ನು ಕಾಪಾಡುವ ದಾರಿ ಇದು ಎಂದು ನನಗೆ ಅನ್ನಿಸುವುದಿಲ್ಲ.

ಅದೇ ಉಬುಂಗೋದಲ್ಲಿ ಉರಾಫಿಕಿ ಬಟ್ಟೆ ಗಿರಣಿ ಇದೆ. 1968ರಲ್ಲಿ ಚೀನಾದ ನೆರವಿನಿಂದ ಶುರುವಾದದ್ದು. ಇಲ್ಲಿನ ಹೆಂಗಸರು ಉಡುವ ಕಾಂಗಾ ಬಟ್ಟೆ ಅಲ್ಲಿ ತಯಾರಾಗುತ್ತಿತ್ತು. ಸಾವಿರಾರು ಜನಕ್ಕೆ ಕೆಲಸ ಕೊಟ್ಟ ಗಿರಣಿ. ಮುಂದೆ ಅಗ್ಗದ ಆಮದು ಬಟ್ಟೆಯ ಮುಂದೆ ನಿಲ್ಲಲಾಗದೆ ಸೊರಗಿತು. ಹಳೆಯ ತಲೆಯವರು ಚೀನಾ ಅಂದರೆ ಆ ಗಿರಣಿ, ಜಾಂಬಿಯಾ ತನಕ ಹಾಕಿದ ತಜಾರಾ ರೈಲು ಎಂದು ನೆನೆಯುತ್ತಾರೆ. ಅವರ ಮಕ್ಕಳಿಗೆ ಚೀನಾ ಅಂದರೆ ಮಳಿಗೆ. ಗಿರಣಿ ಕಟ್ಟಿದ್ದನ್ನು ಸ್ವಾಗತಿಸಿದ ಜನ ಇವರು. ಇವರಿಗೆ ಚೀನೀಯರ ಮೇಲೆ ದ್ವೇಷ ಎಂದು ಸುಮ್ನೆ ಬರೆದುಬಿಡಬೇಡಿ.

ಆದೇಶ ಬಂದ ಮೇಲೆ ಏನಾಗುತ್ತಿದೆ ಅನ್ನುವುದು ನನಗೆ ಕಾಗದದಲ್ಲಿ ಕಾಣುತ್ತದೆ. ಕೆಲವು ಮಳಿಗೆಗಳ ಲೈಸೆನ್ಸ್ ಸ್ಥಳೀಯರ ಹೆಸರಿಗೆ ಹೋಗುತ್ತಿದೆ. ಹೆಸರು ಕೊಟ್ಟವನಿಗೆ ತಿಂಗಳಿಗೆ ಇಷ್ಟು ಎಂದು ಸಿಗುತ್ತದೆ. ವ್ಯಾಪಾರ ಮಾಡುವವರು ಹಳಬರೇ. ಸಿಕ್ಕಿಬಿದ್ದರೆ ಜೈಲಿಗೆ ಹೋಗುವವನು ಹೆಸರು ಕೊಟ್ಟ ಬಡವ. ಇಂಥ ಕಾಗದ ಮಾಡಿಕೊಡಿ ಎಂದು ನಮ್ಮ ಕಚೇರಿಗೂ ಬರುತ್ತಾರೆ. ನಾವು ಮಾಡುವುದಿಲ್ಲ. ಬೇರೆ ಕಡೆ ಮಾಡಿಸಿಕೊಳ್ಳುತ್ತಾರೆ.

ನನ್ನ ಕೇಳಿದರೆ, ಪಾಸ್‌ಪೋರ್ಟ್ ನೋಡುವ ಬದಲು ಬಿಲ್ಲು ನೋಡಬೇಕು. ಸಗಟು ಲೈಸೆನ್ಸ್ ಇದ್ದವರು ಇಂತಿಷ್ಟು ಕಾರ್ಟನ್‌ಗಿಂತ ಕಡಿಮೆ ಮಾರಬಾರದು ಎಂದು ಹೇಳಿ, ಅದನ್ನು ವರ್ಷವಿಡೀ ನೋಡಿಕೊಳ್ಳಲಿ. ಪ್ರತಿ ಮಾರಾಟಕ್ಕೂ ತೆರಿಗೆ ಯಂತ್ರದ ರಸೀದಿ ಕೊಡಬೇಕು ಎಂಬ ಕಾನೂನು ಇಲ್ಲಿ ಮೊದಲಿನಿಂದ ಇದೆ. ರಸೀದಿ ಬೇಕಾದರೆ ಒಂದು ಬೆಲೆ, ಬೇಡವಾದರೆ ಇನ್ನೊಂದು ಬೆಲೆ ಹೇಳುವವರು ಎರಡೂ ಕಡೆ ಇದ್ದಾರೆ. ಬಂದರಿನಲ್ಲಿ ಸರಕಿನ ಬೆಲೆ ಕಡಿಮೆ ತೋರಿಸುವವರೂ ಎರಡೂ ಕಡೆ ಇದ್ದಾರೆ. ಆದರೆ ಹೆಚ್ಚು ಕಂಟೇನರ್ ತರುವವನಿಗೆ ಅದರ ಲಾಭ ಹೆಚ್ಚು. ಅಲ್ಲಿ ಬಿಗಿ ಮಾಡಿದರೆ ಬೆಲೆಯ ಅಂತರ ಸಾಕಷ್ಟು ಕಡಿಮೆಯಾಗುತ್ತದೆ. ಇದು ನಾನು ಎರಡೂ ಬಗೆಯ ಬಿಲ್ಲು ನೋಡಿ ಹೇಳುತ್ತಿರುವ ಮಾತು. ಅದಕ್ಕಿಂತ ಮುಖ್ಯವಾಗಿ, ನಾಲ್ಕು ತಿಂಗಳು ಸಿಕ್ಕಿಕೊಳ್ಳುವ ದುಡ್ಡಿಗೆ ಕಡಿಮೆ ಬಡ್ಡಿಯ ಸಾಲ ಬೇಕು. ಹತ್ತು ಜನ ಸೇರಿ ಕಾರ್ಖಾನೆಗೆ ಒಂದೇ ದೊಡ್ಡ ಆರ್ಡರ್ ಕೊಟ್ಟರೆ ಅವರಿಗೂ ಒಳ್ಳೆಯ ದರ ಸಿಗುತ್ತದೆ. ಅಂಥ ಗುಂಪು ಕಟ್ಟಲು ನಮ್ಮ ಗಿರಾಕಿಗಳು ಮಾತಾಡುತ್ತಿದ್ದಾರೆ. ಫ್ಲಾಸ್ಕಿನ ಒಡತಿಯೇ ಮುಂದಾಳು.

ಚೀನಾದ ಕಡೆಯ ನಡತೆಯನ್ನೂ ಕೇಳಬೇಕಲ್ಲ. ಗುವಾಂಗ್‌ಝೌನ ಶಿಯಾವೊಬೇ ಬಡಾವಣೆಯಲ್ಲಿ ಆಫ್ರಿಕಾದ ವ್ಯಾಪಾರಿಗಳ ದೊಡ್ಡ ನೆಲೆಯೇ ಇತ್ತು. ಅವರು ಅಲ್ಲಿ ಕೊಂಡು ಕಳಿಸುವವರು. ಚಿಕ್ಕ ಅವಧಿಯ ವೀಸಾ, ಅದು ಮುಗಿಯುವ ಆತಂಕ. 2009ರಲ್ಲಿ ವೀಸಾ ತಪಾಸಣೆಯಿಂದ ತಪ್ಪಿಸಿಕೊಳ್ಳಲು ಹೋಗಿ ಒಬ್ಬ ನೈಜೀರಿಯನ್ ಕಟ್ಟಡದಿಂದ ಬಿದ್ದಾಗ ಆಫ್ರಿಕನ್ನರು ಪೊಲೀಸ್ ಠಾಣೆಯ ಮುಂದೆ ಸೇರಿ ಪ್ರತಿಭಟಿಸಿದ್ದರು. 2020ರ ಏಪ್ರಿಲ್‌ನಲ್ಲಿ ಕೋವಿಡ್ ಹೆಸರಿನಲ್ಲಿ ಅವರನ್ನು ಬಾಡಿಗೆ ಮನೆಗಳಿಂದ, ಹೋಟೆಲ್‌ಗಳಿಂದ ಹೊರಗೆ ಹಾಕಿದರು. ರಾತ್ರಿ ಬೀದಿಯಲ್ಲಿ ಕಳೆದವರಿದ್ದಾರೆ. ಆಫ್ರಿಕಾ ದೇಶಗಳ ರಾಯಭಾರಿಗಳು ಒಟ್ಟಾಗಿ ಚೀನಾದ ವಿದೇಶಾಂಗ ಸಚಿವರಿಗೆ ಪತ್ರ ಬರೆದು ವಿರೋಧಿಸಿದರು. ನಾವು ಅಲ್ಲಿ ಒಂದು ಸಣ್ಣ ಅಂಗಡಿ ಹಾಕುತ್ತೇವೆ ಎಂದರೆ ಬಿಡುತ್ತಾರಾ ಎಂದು ಕರಿಯಾಕೋದವರು ಕೇಳಿದರೆ, ಅದಕ್ಕೆ ಯಾರ ಹತ್ತಿರವೂ ಉತ್ತರ ಇಲ್ಲ.

ಕೊನೆಯದಾಗಿ, ನಮ್ಮವರ ಬಗ್ಗೆ. ಪತ್ರ ಬರೆದ ಓದುಗರು ಭಾರತೀಯರಾಗಿ ದೂರ ನಿಂತು ನೋಡುತ್ತಿದ್ದಾರೆ. ಆದರೆ 2025ರ ಜುಲೈನ ಆ ಆದೇಶ ಚೀನೀಯರ ಮೇಲೆ ಮಾತ್ರ ಅಲ್ಲ. ತಾಂಜಾನಿಯಾದ ಪೌರತ್ವ ಇಲ್ಲದ ಎಲ್ಲರ ಮೇಲೆ. ಪಕ್ಕದ ಕೆನ್ಯಾದವರೂ ಸೇರಿದ್ದಾರೆ, ಅದಕ್ಕೆ ಆ ದೇಶ ಆಕ್ಷೇಪ ಎತ್ತಿತು. ಭಾರತದ ಪಾಸ್‌ಪೋರ್ಟ್ ಇರುವವರಿಗೂ ಅದೇ ಕಾನೂನು. ಚೀನೀಯರಿಗಿಂತ ಎಷ್ಟೋ ಮೊದಲು ಪೂರ್ವ ಆಫ್ರಿಕಾದ ಹಳ್ಳಿಹಳ್ಳಿಯಲ್ಲಿ ಅಂಗಡಿ ಹಾಕಿದವರು ಭಾರತದಿಂದ ಬಂದವರು. ಸಗಟೂ ಅವರದೇ, ಚಿಲ್ಲರೆಯೂ ಅವರದೇ ಎಂಬ ದೂರು ಆಗಲೂ ಇತ್ತು. 1971ರಲ್ಲಿ ಇಲ್ಲಿ ಕಟ್ಟಡಗಳನ್ನು ಸರ್ಕಾರ ವಶಪಡಿಸಿಕೊಂಡಾಗ ಬಹಳ ಏಷ್ಯನ್ ಕುಟುಂಬಗಳು ಊರು ಬಿಟ್ಟವು. ಮರುವರ್ಷ ಉಗಾಂಡಾದಲ್ಲಿ ಇದಿ ಅಮೀನ್ 90 ದಿನಗಳ ಗಡುವು ಕೊಟ್ಟು ಏಷ್ಯನ್ನರನ್ನು ಹೊರಗಟ್ಟಿದ. ಅದರಿಂದ ಉಗಾಂಡಾದ ಸಣ್ಣ ವ್ಯಾಪಾರಿ ಉದ್ಧಾರ ಆಗಲಿಲ್ಲ. ಅಂಗಡಿಗಳು ಸೈನ್ಯದವರ, ಬೇಕಾದವರ ಪಾಲಾದವು. ಹಾಗಾಗಿ ಪಾಸ್‌ಪೋರ್ಟ್ ಹಿಡಿದು ಓಡಿಸುವ ಮಾತು ಬಂದಾಗ ನನಗೆ ಹೆದರಿಕೆ ಆಗುತ್ತದೆ. ಹಾಗೆಯೇ ಪಾತ್ರೆ ಅಂಗಡಿಯ ಒಡತಿಯ ದೂರನ್ನು ಹೊಟ್ಟೆಕಿಚ್ಚು ಎಂದಾಗ ಸಿಟ್ಟು ಬರುತ್ತದೆ.

ಮುಂದಿನ ಸಲ ಈ ವಿಷಯ ಬರೆಸುವಾಗ ದಯವಿಟ್ಟು ಇಲ್ಲಿನ ವ್ಯಾಪಾರಿಗಳನ್ನೇ ಮಾತಾಡಿಸಿ. ಇಂಗ್ಲಿಷ್ ಬರುವವರು ಇದ್ದಾರೆ, ಸ್ವಾಹಿಲಿಯಿಂದ ಕನ್ನಡಕ್ಕೆ ಹೇಳಲು ನಾನಿದ್ದೇನೆ. ಜನವರಿಯಿಂದ ಹೊಸ ಲೈಸೆನ್ಸ್‌ಗಳ ಕೆಲಸ ಜೋರಾಗುತ್ತದೆ. ಆಗ ಯಾರಾದರೂ ವರದಿಗಾರರು ಬಂದರೆ ಆದೇಶ ಕಾಗದದಲ್ಲಿ ಹೇಗಿದೆ, ಕಾಂಗೋ ಬೀದಿಯಲ್ಲಿ ಹೇಗಿದೆ ಎಂದು ಕಣ್ಣಾರೆ ನೋಡಬಹುದು.

ಇಂತಿ,
ನಿಮ್ಮ ಓದುಗಾರ್ತಿ,
ದಾರ್ ಎಸ್ ಸಲಾಂ, ತಾಂಜಾನಿಯಾ